ಸಂಘದ ವಿಳಾಸಕ್ಕೆ ಸೆಕ್ರೆಟರಿ ಮನೆ ಯಾಕೆ ಬೇಡ

ಅಪಾರ್ಟ್‌ಮೆಂಟ್ ಮಾಲೀಕರ ಸಂಘಗಳ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ವಿಳಾಸದ ಪ್ರಶ್ನೆ ಪ್ರತಿ ತಿಂಗಳೂ ಬರುತ್ತದೆ. ಒಂದು ಸಲ ಬರೆದುಬಿಡುತ್ತೇನೆ, ದಯವಿಟ್ಟು ಎತ್ತಿಟ್ಟುಕೊಳ್ಳಿ.

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು 14 ಫ್ಲ್ಯಾಟ್‌ಗಳ ಚಿಕ್ಕ ಕಟ್ಟಡ. ಆಫೀಸ್ ರೂಮ್ ಇಲ್ಲ. ಸಂಘ ನೋಂದಣಿಗೆ ಸೆಕ್ರೆಟರಿಯವರ ಫ್ಲ್ಯಾಟ್ ವಿಳಾಸ ಕೊಡಬಹುದಾ?

ಕೊಡಬಹುದು. ಕೊಡಬೇಡಿ.

ನೋಂದಣಿ 1960ರ ಸಂಘಗಳ ಕಾಯ್ದೆಯಲ್ಲೋ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲೋ ಅನ್ನುವ ಜಗಳ ಇವತ್ತು ಬೇಡ. ಎಲ್ಲಿ ಮಾಡಿಸಿದರೂ ವಿಳಾಸದ ಕಥೆ ಒಂದೇ. ಸೆಕ್ರೆಟರಿ ಎಷ್ಟು ದಿನ ಸೆಕ್ರೆಟರಿ? ಮುಂದಿನ ಸಭೆಯಲ್ಲಿ ಬೇರೆಯವರು ಬರುತ್ತಾರೆ. ಇಲ್ಲವೇ ಅವರೇ ಫ್ಲ್ಯಾಟ್ ಮಾರಿ ಮಕ್ಕಳ ಹತ್ತಿರ ಹೋಗುತ್ತಾರೆ. ವಿಳಾಸ ಮಾತ್ರ ಪ್ಯಾನ್‌ನಲ್ಲಿ, ಬ್ಯಾಂಕಿನಲ್ಲಿ, ಲಿಫ್ಟ್ ಲೈಸೆನ್ಸ್‌ನಲ್ಲಿ ಹಾಗೇ ಕೂತಿರುತ್ತದೆ. ಸಂಘದ ಚೆಕ್ ಬುಕ್ ಹೋಗಿ ಅಲ್ಲಿನ ಹೊಸ ಬಾಡಿಗೆದಾರರ ಕೈ ಸೇರುತ್ತದೆ. ಜಗಳವಾಡಿ ಕೆಳಗಿಳಿದ ಸೆಕ್ರೆಟರಿ ಆದರೆ ಇನ್ನೂ ಚೆಂದ. ಕವರ್ ಬಂದಿದ್ದೇ ಯಾರಿಗೂ ಗೊತ್ತಾಗುವುದಿಲ್ಲ.

ಕಟ್ಟಡದ ವಿಳಾಸವನ್ನೇ ಕೊಡಿ. ಸಂಘದ ಹೆಸರು, ಕಟ್ಟಡದ ಹೆಸರು, ಡೋರ್ ನಂಬರ್, ಕ್ರಾಸ್, ಮೇನ್, ಬಡಾವಣೆ, ಪಿನ್. ಯಾರ ಹೆಸರೂ ಬೇಡ, ಫ್ಲ್ಯಾಟ್ ನಂಬರೂ ಬೇಡ. ಹಳೇ ನಂಬರ್, ಹೊಸ ನಂಬರ್ ಎರಡೂ ಇದ್ದರೆ ಹೇಗೆ ಬರೆಯಬೇಕು ಅಂತ ಒಮ್ಮೆ ತೀರ್ಮಾನಿಸಿ. ಆಮೇಲೆ ಎಲ್ಲ ಕಡೆ ಅಕ್ಷರ ಬದಲಾಗದಂತೆ ಅದನ್ನೇ ಬರೆಯಿರಿ.

ಬ್ಯಾಂಕಿನವರು ವಿಳಾಸದ ಪುರಾವೆ ಕೇಳುತ್ತಾರೆ. ಕಾಮನ್ ಮೀಟರ್‌ನ ಬೆಸ್ಕಾಂ ಬಿಲ್ ತೆಗೆದು ನೋಡಿ. ಎಷ್ಟೋ ಕಟ್ಟಡಗಳಲ್ಲಿ ಅದು ಇನ್ನೂ ಬಿಲ್ಡರ್ ಹೆಸರಿನಲ್ಲೇ ಇರುತ್ತದೆ. ಸಂಘ ನೋಂದಣಿ ಆದ ಕೂಡಲೇ ಅದನ್ನು ಸಂಘದ ಹೆಸರಿಗೆ ಮಾಡಿಸಿ.

ಇನ್ನು ಪತ್ರ ಬಂದು ಬೀಳುವ ಜಾಗ. ಸೆಕ್ಯುರಿಟಿಯವರ ಮೇಜಿನ ಡ್ರಾಯರ್ ಅಂಚೆ ಪೆಟ್ಟಿಗೆ ಅಲ್ಲ. ನಾನು ನೋಡಿದ ಒಂದು ಡ್ರಾಯರ್‌ನಲ್ಲಿ ಟಾರ್ಚ್, ಪಿಜ್ಜಾ ಪಾಂಪ್ಲೆಟ್, ಯಾರದ್ದೋ ಕಾರಿನ ಕೀ, ಎಲ್ಲದರ ಅಡಿಯಲ್ಲಿ ತೆರಿಗೆ ಇಲಾಖೆಯ ಒಡೆಯದ ಕವರ್ ಇತ್ತು. ಉತ್ತರ ಕೊಡುವ ಗಡುವು ಆಗಲೇ ಮುಗಿದಿತ್ತು. ಮೀಟರ್ ಬೋರ್ಡ್ ಪಕ್ಕ ಬೀಗ ಇರುವ ಪೆಟ್ಟಿಗೆ ಹಾಕಿ, ಮೇಲೆ ಸಂಘದ ಹೆಸರು ಬರೆಸಿ. ಎರಡು ಕೀ ಸಾಕು, ಸೆಕ್ರೆಟರಿಗೊಂದು, ಖಜಾಂಚಿಗೊಂದು. ಸಹಿ ಹಾಕಿ ತೆಗೆದುಕೊಳ್ಳುವ ಕವರ್‌ಗೆ ಒಂದು ರಿಜಿಸ್ಟರ್ ಇಡಿ. ತೆರಿಗೆಯವರು ಈಗ ಜಾಸ್ತಿ ಇಮೇಲ್‌ನಲ್ಲೇ ಕಳಿಸುತ್ತಾರೆ. ಅದಕ್ಕೂ ಸಂಘದ್ದೇ ಇಮೇಲ್ ಇರಲಿ, ಖಜಾಂಚಿ ಮಗನದ್ದಲ್ಲ.

ಪ್ರಶ್ನೆ: ಆಫೀಸ್ ಇಲ್ಲದೆ ನೋಂದಣಿ ಆಗಲ್ಲ, ನಮ್ಮ ವಿಳಾಸ ವರ್ಷಕ್ಕಿಷ್ಟು ಅಂತ ಬಾಡಿಗೆಗೆ ಕೊಡುತ್ತೇವೆ ಅನ್ನುತ್ತಾನೆ ಏಜೆಂಟ್.

ಏಜೆಂಟ್ ಬದಲಿಸಿ.

ಪ್ರಶ್ನೆ: ಬಿಲ್ಡರ್ ತಮ್ಮ ಆಫೀಸ್ ವಿಳಾಸದಲ್ಲೇ ನೋಂದಣಿ ಮಾಡಿಸಿದ್ದಾರೆ. ಹಾಗೇ ಬಿಡಬಹುದಾ?

ನಾಳೆ ಬೇಸ್‌ಮೆಂಟ್ ಸೋರಿಕೆಗೆ ಅವರ ಮೇಲೇ ಕೇಸ್ ಹಾಕುತ್ತೀರಿ. ಆಗ ನಿಮ್ಮ ಕವರ್ ಒಡೆಯುವವರು ಯಾರು? ಕಮಿಟಿ ಠರಾವು ಮಾಡಿ ಈ ವಾರವೇ ಬದಲಾವಣೆಗೆ ಅರ್ಜಿ ಹಾಕಿ.

ಪ್ರಶ್ನೆ: ವಿಳಾಸದ ಅಂಕಿ ಕೂಡಿದರೆ ಎಂಟು ಬರುತ್ತದೆ...

ಪಿನ್ ಕೋಡ್ 1972ರಿಂದ ಅಂಚೆ ಇಲಾಖೆ ಕೊಡುತ್ತಿದೆ, ಶನಿ ಮಹಾತ್ಮ ಅಲ್ಲ.

ಪ್ರಶ್ನೆ: ನೋಟಿಸ್ ತಗೊಳ್ಳದೆ ವಾಪಸ್ ಕಳಿಸಿದರೆ ಅದು ಲೆಕ್ಕಕ್ಕಿಲ್ಲ ಅಂತಾರಲ್ವಾ?

ಯಾರು ಅಂತಾರೆ? ಸರಿಯಾದ ವಿಳಾಸ ಬರೆದು, ಪೂರ್ತಿ ಅಂಚೆ ವೆಚ್ಚ ಕೊಟ್ಟು ರಿಜಿಸ್ಟರ್ಡ್ ಪೋಸ್ಟ್ ಮಾಡಿದರೆ ತಲುಪಿದೆ ಅಂತಲೇ ಕಾನೂನು ಊಹಿಸುತ್ತದೆ. 1897ರ ಜನರಲ್ ಕ್ಲಾಸಸ್ ಆಕ್ಟ್‌ನ 27ನೇ ಸೆಕ್ಷನ್ ಓದಿ. ತಲುಪಿಲ್ಲ ಅಂತ ಸಾಬೀತು ಮಾಡುವ ಹೊಣೆ ನಿಮ್ಮದು. ಅಂಚೆಯವರು ‘ನಿರಾಕರಿಸಿದರು’ ಅಂತ ಕವರ್ ಮೇಲೆ ಬರೆದಿದ್ದರೆ ಆ ದಾರಿಯೂ ಮುಚ್ಚಿದಂತೆ. ಸುಮ್ನೆ ಸಹಿ ಹಾಕಿ ತಗೊಳ್ಳಿ, ಕವರ್ ಮೇಲೆ ತಾರೀಖು ಬರೆಯಿರಿ, ಅವತ್ತೇ ವಕೀಲರಿಗೆ ಫೋಟೋ ಕಳಿಸಿ.