ಹಚ್ಚೋದು ಕೆಳಗೆ, ನೋವು ತಲೆಗೆ

(ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

35ರ ಆಸುಪಾಸಿನ ವಿವಾಹಿತರೊಬ್ಬರು. ಮಲವಿಸರ್ಜನೆಯಾಗುವಾಗ ಬ್ಲೇಡಿನಲ್ಲಿ ಕೊಯ್ದಂಥ ನೋವು, ಆಮೇಲೂ ಗಂಟೆಗಟ್ಟಲೆ ಉರಿ, ಒಂದೆರಡು ಹನಿ ಕೆಂಪು ರಕ್ತ. ಮೂಲವ್ಯಾಧಿ ಎಂದುಕೊಂಡು ತಿಂಗಳುಗಟ್ಟಲೆ ಯಾರಿಗೂ ಹೇಳಿರಲಿಲ್ಲ. ಸರ್ಜನ್ ಪರೀಕ್ಷಿಸಿ, ಇದು ಫಿಷರ್ (ಗುದದ್ವಾರದ ಒಳಪದರದ ಸೀಳುಗಾಯ) ಎಂದು 0.2% ನೈಟ್ರೋಗ್ಲಿಸರಿನ್ ಮುಲಾಮು ಬರೆದುಕೊಟ್ಟರು. ಇವರು ನಾಲ್ಕೇ ದಿನಕ್ಕೆ ಹಚ್ಚುವುದನ್ನು ಬಿಟ್ಟುಬಿಟ್ಟು ನಮ್ಮಲ್ಲಿ ಬಂದು ಕೇಳಿದರು: “ಮೇಡಂ, ಹಚ್ಚೋದು ಕೆಳಗೆ, ನೋವು ತಲೆಗೆ ಬರುತ್ತೆ. ಇದೆಂಥ ಔಷಧಿ?”

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಕೊಡದೆ “ಹಚ್ಚಿಕೊಳ್ಳಿ” ಎಂದರೆ ಯಾರೂ ಹಚ್ಚುವುದಿಲ್ಲ.

ಗುದದ ಒಳಸ್ನಾಯು ಕರುಳಿನ ಸ್ನಾಯುವಿನದೇ ಮುಂದುವರಿಕೆ. ನಮ್ಮ ಅಂಕೆಗೆ ಸಿಗದು, ಸದಾ ಬಿಗಿದೇ ಇರುತ್ತದೆ. ಅಲ್ಲಿನ ನರಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಟ್ಟಾಗ ಸ್ನಾಯುಕೋಶದಲ್ಲಿ ಸೈಕ್ಲಿಕ್ ಜಿಎಂಪಿ ಎಂಬ ಸಂದೇಶವಾಹಕ ರಾಸಾಯನಿಕ ಏರಿ, ಬಿಗಿತ ತರುವ ಕ್ಯಾಲ್ಸಿಯಂ ಇಳಿದು, ಬಿಗಿ ಸಡಿಲುತ್ತದೆ. ಫಿಷರ್ ಆದಾಗ ಸ್ನಾಯು ಇನ್ನಷ್ಟು ಬಿಗಿದುಕೊಂಡು ರಕ್ತದ ಹರಿವನ್ನು ಹಿಸುಕುತ್ತದೆ. ಹಿಂಬದಿಯ ನಡುಭಾಗಕ್ಕೆ ರಕ್ತ ಮೊದಲೇ ಕಡಿಮೆ, ಹಾಗಾಗಿ ಗಾಯ ಮಾಯುವುದಿಲ್ಲ. ಮುಲಾಮು ಒದಗಿಸುವುದು ಇದೇ ಅನಿಲವನ್ನು. ಔಷಧಿ ಸ್ವಲ್ಪ ರಕ್ತಕ್ಕೂ ಸೇರಿ ತಲೆಯ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ತಲೆನೋವು.

ಹಚ್ಚುತ್ತಿದ್ದದ್ದು ಬೆರಳಿನ ಒಂದು ಗೆಣ್ಣಿನಷ್ಟು. ಬೇಕಿರುವುದು ಬಟಾಣಿ ಕಾಳಿನಷ್ಟು, 12 ಗಂಟೆಗೊಮ್ಮೆ, ಕೈಗವಸು ಹಾಕಿಕೊಂಡು. ಬರಿಗೈಯಲ್ಲಾದರೆ ಬೆರಳಿನ ಚರ್ಮವೂ ಔಷಧಿ ಹೀರುತ್ತದೆ. ಹಚ್ಚಿ ಅರ್ಧ ಗಂಟೆ ಮಲಗಬೇಕು, ಥಟ್ಟನೆ ಏಳಬಾರದು. ನೋವು ನಿಂತರೂ 6ರಿಂದ 8 ವಾರ ಬಿಡಬಾರದು.

ಆದರೆ ಇವರಿಗೆ ಅದನ್ನು ಮುಂದುವರಿಸಿ ಎನ್ನುವಂತಿರಲಿಲ್ಲ. “ಬೇರೆ ಮಾತ್ರೆ ಏನಾದರೂ?” ಎಂದಾಗ ಇಲ್ಲ ಎಂದವರು, “ಮೆಡಿಕಲ್ ಶಾಪಿನಿಂದ ಸಿಲ್ಡೆನಾಫಿಲ್, ಟಡಾಲಾಫಿಲ್ ಥರದ್ದು?” ಎಂದಾಗ ತಲೆ ತಗ್ಗಿಸಿದರು. ಇವು ಲೈಂಗಿಕ ನಿಮಿರುವಿಕೆಗೆಂದು ನುಂಗುವ ಮಾತ್ರೆಗಳು. ಹೆಸರು ಹಿಡಿದೇ ಕೇಳಬೇಕು. ಸುತ್ತಿಬಳಸಿ ಕೇಳಿದರೆ ಯಾರೂ ಹೇಳುವುದಿಲ್ಲ. ಮುಲಾಮು ಸೈಕ್ಲಿಕ್ ಜಿಎಂಪಿ ಏರಿಸುತ್ತದೆ, ಆ ಮಾತ್ರೆ ಅದು ಕರಗದಂತೆ ತಡೆಯುತ್ತದೆ. ಎರಡೂ ಕೂಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು.

ಕೊಟ್ಟ ಸಲಹೆ: ಮುಲಾಮು ಮತ್ತೆ ಮುಟ್ಟಬೇಡಿ, ಇವತ್ತೇ ಸರ್ಜನ್‌ಗೆ ತಿಳಿಸಿ. ಬಾಯಿಬಿಟ್ಟು ಹೇಳಲು ನಾಚಿಕೆ ಎಂದದ್ದಕ್ಕೆ, ಮಾತ್ರೆಯ ಹೆಸರು, ಪ್ರಮಾಣ, ಕೊನೆಯ ಸಲ ನುಂಗಿದ ದಿನ ಇಷ್ಟನ್ನು ಚೀಟಿಯಲ್ಲಿ ಬರೆಸಿ ಕೊಟ್ಟು ಕಳಿಸಿದೆವು. ಸರ್ಜನ್ 2% ಡಿಲ್ಟಿಯಾಜೆಮ್ ಮುಲಾಮಿಗೆ ಬದಲಿಸಿದರು. ಅದು ಕ್ಯಾಲ್ಸಿಯಂ ಒಳಬರುವುದನ್ನು ತಡೆದು ಸಡಿಲಿಸುತ್ತದೆ, ತಲೆನೋವೂ ಕಡಿಮೆ.

ಜೊತೆಗೆ ಒಂದು ಚಮಚ ಇಸಬ್‌ಗೋಲ್ ದೊಡ್ಡ ಲೋಟ ನೀರಿನಲ್ಲಿ. ನೀರು ಕಡಿಮೆಯಾದರೆ ಮಲ ಇನ್ನೂ ಗಟ್ಟಿಯಾಗುತ್ತದೆ. ಶೌಚದ ನಂತರ 10–15 ನಿಮಿಷ ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುವುದು. ಕೀವು, ಜ್ವರ, ಕಪ್ಪು ಮಲ, ತೂಕ ಇಳಿಕೆ ಕಂಡರೆ 8 ವಾರ ಕಾಯದೆ ಸರ್ಜನ್ ಬಳಿ ಹೋಗಬೇಕು.