ಅಂಗಡಿಯಲ್ಲಿ ಸಿಗುತ್ತದಲ್ಲ, ಮತ್ತೆ ಬ್ಯಾನ್ ಹೇಗೆ?

ನೀವು ಟೆಕ್ಸಾಸಿನಲ್ಲಿದ್ದೀರಿ. ಮಗಳ ಶಾಲೆಯ ಲೈಬ್ರರಿಯಿಂದ ಕೆಲವು ಪುಸ್ತಕ ತೆಗೆದಿದ್ದಾರೆ. ಅವೇ ಪುಸ್ತಕ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಆರಾಮಾಗಿ ಸಿಗುತ್ತವೆ. ಹಾಗಿದ್ದ ಮೇಲೆ ಇದನ್ನು ಬ್ಯಾನ್ ಅನ್ನುವುದು ಸ್ವಲ್ಪ ಜಾಸ್ತಿಯಾಯಿತಲ್ವಾ ಎಂದು ಕೇಳಿದ್ದೀರಿ.

ನನಗೆ ಜಾಸ್ತಿ ಅನಿಸುವುದಿಲ್ಲ. ನಾನು ಚಿತ್ರದುರ್ಗದ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಹನ್ನೊಂದು ವರ್ಷದಿಂದ ಲೈಬ್ರರಿಯ ಚಾರ್ಜ್ ಕೂಡ ನನ್ನದೇ. ಲೈಬ್ರರಿ ಅಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿರುವ ಎರಡು ಕಬ್ಬಿಣದ ಬೀರು. ಊರಲ್ಲಿ ಪುಸ್ತಕದ ಅಂಗಡಿ ಅಂತ ಇರುವುದು ಒಂದೇ. ಅಲ್ಲಿ ಸಿಗುವುದು ಗೈಡು, ನೋಟ್‌ಬುಕ್ಕು, ಗ್ರಾಫ್ ಶೀಟು. ಒಂದು ಕತೆ ಪುಸ್ತಕ ಬೇಕೆಂದರೆ ಬಸ್ಸು ಹತ್ತಬೇಕು. ನನ್ನ ಹತ್ತಿರ ಪುಸ್ತಕ ಕೇಳಿಕೊಂಡು ಬರುವ ಮಕ್ಕಳಲ್ಲಿ ಹೆಚ್ಚಿನವರ ಮನೆಯಲ್ಲಿ ಬಸ್ ಚಾರ್ಜಿಗೇ ಲೆಕ್ಕ ಹಾಕುತ್ತಾರೆ. ಅವರಿಗೆ ಆ ಬೀರುವೇ ಅಂಗಡಿ. ಬೀರುವಿನಿಂದ ಹೋದ ಪುಸ್ತಕ ಅವರ ಪಾಲಿಗೆ ಲೋಕದಿಂದಲೇ ಹೋದ ಹಾಗೆ.

ನೀವು ಕೇಳಿದ ಮಾತು ನಿಮ್ಮ ದೇಶದ ಸುಪ್ರೀಂ ಕೋರ್ಟಿನಲ್ಲಿ 1982ರಲ್ಲೇ ಬಂದಿದೆ. ಆ ಕೇಸನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನಲ್ಲಿ ಐಲೆಂಡ್ ಟ್ರೀಸ್ ಎಂಬ ಶಾಲಾ ಜಿಲ್ಲೆ ಇದೆ. 1975ರ ಸೆಪ್ಟೆಂಬರಿನಲ್ಲಿ ಅದರ ಶಾಲಾ ಮಂಡಳಿಯ ಮೂವರು ಪಾಲಕರ ಸಂಘಟನೆಯೊಂದರ ಸಮ್ಮೇಳನಕ್ಕೆ ಹೋದರು. ಬರುವಾಗ 'ಓದಬಾರದ' ಪುಸ್ತಕಗಳ ಒಂದು ಪಟ್ಟಿ ಜೊತೆಗೆ ತಂದರು. ನವೆಂಬರ್ 7ರ ರಾತ್ರಿ ಅವರಲ್ಲಿ ಇಬ್ಬರು ಹೈಸ್ಕೂಲಿನ ಲೈಬ್ರರಿ ಬಾಗಿಲು ತೆಗೆಸಿಕೊಂಡು ಒಳಗೆ ಹೋದರು. ಕಾರ್ಡ್ ಕ್ಯಾಟಲಾಗನ್ನು ಪಟ್ಟಿಯ ಜೊತೆ ತಾಳೆ ನೋಡಿದರು. ಅಲ್ಲಿ 9 ಪುಸ್ತಕ ಸಿಕ್ಕವು. ಜೂನಿಯರ್ ಹೈಸ್ಕೂಲಿನಲ್ಲಿ ಒಂದು, ಹನ್ನೆರಡನೇ ತರಗತಿಯ ಸಾಹಿತ್ಯ ಪಾಠದಲ್ಲಿ ಇನ್ನೊಂದು. ಒಟ್ಟು 11.

ಆಗ ಯಾವ ಮಗುವೂ ದೂರು ಕೊಟ್ಟಿರಲಿಲ್ಲ. ಪುಸ್ತಕ ಓದಿ ಪಟ್ಟಿ ಮಾಡಿದ್ದಲ್ಲ, ಪಟ್ಟಿ ಹಿಡಿದುಕೊಂಡು ಪುಸ್ತಕ ಹುಡುಕಿದ್ದು. ನನ್ನನ್ನು ಕಾಡುವುದು ಇದೇ.

ಅಲ್ಲಿನ ಸೂಪರಿಂಟೆಂಡೆಂಟ್ ಒಳ್ಳೆಯ ಮಾತು ಹೇಳಿದ್ದರು. ಪುಸ್ತಕದ ಮೇಲೆ ಆಕ್ಷೇಪ ಬಂದರೆ ಏನು ಮಾಡಬೇಕು ಅನ್ನುವುದಕ್ಕೆ ನಮ್ಮಲ್ಲಿ ನಿಯಮ ಇದೆ, ಅದರಂತೆ ನಡೆಯೋಣ ಅಂದರು. ಮಂಡಳಿ ಕೇಳಲಿಲ್ಲ. ಸುದ್ದಿ ಹೊರಗೆ ಬಂದ ಮೇಲೆ ಪತ್ರಿಕಾ ಹೇಳಿಕೆ ಕೊಟ್ಟು, ಇವು ಅಮೆರಿಕ ವಿರೋಧಿ, ಕ್ರೈಸ್ತ ವಿರೋಧಿ, ಯೆಹೂದಿ ವಿರೋಧಿ, ಬರೀ ಹೊಲಸು ಅಂದಿತು. ಆ ಪಟ್ಟಿಯಲ್ಲಿ ಬರ್ನಾರ್ಡ್ ಮಲಮಡ್ ಅವರ 'ದಿ ಫಿಕ್ಸರ್' ಇತ್ತು. ಬರೆದವರೇ ಯೆಹೂದಿ. ತ್ಸಾರ್ ಕಾಲದ ರಷ್ಯಾದಲ್ಲಿ ಒಬ್ಬ ಬಡ ಯೆಹೂದಿಯ ಮೇಲೆ ಮಾಡದ ಕೊಲೆಯ ಆರೋಪ ಹೊರಿಸಿ ಜೈಲಿಗೆ ಹಾಕುವ ಕತೆ ಅದು. 1967ರಲ್ಲಿ ಪುಲಿಟ್ಜರ್ ಬಹುಮಾನ ಬಂದಿತ್ತು. ಪೂರ್ತಿ ಓದಿದವರು ಅದನ್ನು ಯೆಹೂದಿ ವಿರೋಧಿ ಪಟ್ಟಿಗೆ ಸೇರಿಸಲು ಸಾಧ್ಯವೇ ಇಲ್ಲ.

ಆಮೇಲೆ ನಾಲ್ವರು ಪಾಲಕರು, ನಾಲ್ವರು ಶಾಲಾ ಸಿಬ್ಬಂದಿ ಇರುವ ಸಮಿತಿ ಮಾಡಿದರು. ಆ ಸಮಿತಿ 5 ಪುಸ್ತಕ ಇರಲಿ, 2 ತೆಗೆಯಿರಿ, ಒಂದನ್ನು ಪಾಲಕರು ಒಪ್ಪಿದರೆ ಕೊಡಿ ಎಂದಿತು. ಉಳಿದವುಗಳ ಬಗ್ಗೆ ಒಮ್ಮತ ಬರಲಿಲ್ಲ. ಮಂಡಳಿ ತಾನೇ ಮಾಡಿದ ಸಮಿತಿಯ ಮಾತನ್ನೂ ಬದಿಗಿಟ್ಟಿತು. 9 ಪುಸ್ತಕ ಹೋದವು. ಯಾಕೆ ಅನ್ನುವ ಕಾರಣವನ್ನೂ ಕೊಡಲಿಲ್ಲ.

ಸ್ಟೀವನ್ ಪೀಕೊ ಎಂಬ 17 ವರ್ಷದ ಹುಡುಗ ಮತ್ತು ಇನ್ನೂ ನಾಲ್ವರು ವಿದ್ಯಾರ್ಥಿಗಳು 1977ರಲ್ಲಿ ಕೋರ್ಟಿಗೆ ಹೋದರು. 1982ರ ಜೂನ್ 25ರಂದು ತೀರ್ಪು ಬಂತು, 5–4ರಿಂದ ಮಕ್ಕಳ ಪರ. ಮುಖ್ಯ ಅಭಿಪ್ರಾಯ ಬರೆದ ನ್ಯಾಯಮೂರ್ತಿ ಬ್ರೆನನ್ ಹೇಳಿದ್ದು ಸರಳ. ಪುಸ್ತಕದಲ್ಲಿರುವ ವಿಚಾರ ನಿಮಗೆ ಹಿಡಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಶಾಲೆಯ ಲೈಬ್ರರಿಯಿಂದ ಅದನ್ನು ತೆಗೆಯುವ ಹಾಗಿಲ್ಲ. ಪೂರ್ತಿ ಅಶ್ಲೀಲವಾಗಿದ್ದರೆ, ಮಕ್ಕಳ ಕಲಿಕೆಗೆ ಹೊಂದದಿದ್ದರೆ ತೆಗೆಯಬಹುದು. ಆದರೆ ಅದನ್ನು ಒಪ್ಪಿ ಪೂರ್ತಿಯಾಗಿ ಸಹಿ ಹಾಕಿದ ನ್ಯಾಯಮೂರ್ತಿಗಳು ಐವರಿರಲಿಲ್ಲ. ಹಾಗಾಗಿ ತೀರ್ಪಿನ ಬುಡ ಮೊದಲಿಂದಲೂ ಸ್ವಲ್ಪ ಸಡಿಲ. ವಿರುದ್ಧವಾಗಿ ಬರೆದ ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಅವರ ವಾದ ಏನಿತ್ತು ಗೊತ್ತೇ? ಈ ಪುಸ್ತಕಗಳು ಸಾರ್ವಜನಿಕ ಲೈಬ್ರರಿಯಲ್ಲೂ ಅಂಗಡಿಯಲ್ಲೂ ಸಿಗುತ್ತವಲ್ಲ ಅನ್ನುವುದು. ನಿಮ್ಮ ಪ್ರಶ್ನೆಯೇ!

ಸರಿ, ಸಾರ್ವಜನಿಕ ಲೈಬ್ರರಿಯಲ್ಲಿ ಸಿಗುತ್ತದೆ ಅಂದುಕೊಳ್ಳೋಣ. ಈಗ ನಿಮ್ಮ ಟೆಕ್ಸಾಸಿಗೇ ಬನ್ನಿ. ಅಲ್ಲಿನ ಲಾನೋ ಕೌಂಟಿಯಲ್ಲಿ ಸಾರ್ವಜನಿಕ ಲೈಬ್ರರಿಯಿಂದಲೇ 17 ಪುಸ್ತಕ ತೆಗೆದರು. 2022ರಲ್ಲಿ ಓದುಗರು ಕೇಸು ಹಾಕಿದರು. 2025ರ ಮೇ ತಿಂಗಳಲ್ಲಿ ಐದನೇ ಸರ್ಕ್ಯೂಟ್ ಕೋರ್ಟು (ಟೆಕ್ಸಾಸಿನ ಕೇಸುಗಳನ್ನು ಕೇಳುವ ಫೆಡರಲ್ ಮೇಲ್ಮನವಿ ಕೋರ್ಟು), ಲೈಬ್ರರಿಯಿಂದ ಪುಸ್ತಕ ತೆಗೆದದ್ದನ್ನು ಓದುಗರು ಮಾಹಿತಿ ಪಡೆಯುವ ತಮ್ಮ ಹಕ್ಕಿನ ಹೆಸರಿನಲ್ಲಿ ಪ್ರಶ್ನೆ ಮಾಡುವ ಹಾಗಿಲ್ಲ ಎಂದಿತು. ಬೇಕಾದವರು ಆನ್‌ಲೈನಿನಲ್ಲಿ ತರಿಸಿಕೊಳ್ಳಲಿ, ಅಂಗಡಿಯಲ್ಲಿ ಕೊಳ್ಳಲಿ, ಸ್ನೇಹಿತರ ಹತ್ತಿರ ಕೇಳಿ ಪಡೆಯಲಿ ಅನ್ನುವ ಮಾತು ಈ ತೀರ್ಪಿನಲ್ಲೂ ಇದೆ. ಅದೇ ವರ್ಷ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಶಾಲೆಯಲ್ಲಿ ತೆಗೆದಾಗ ಸಾರ್ವಜನಿಕ ಲೈಬ್ರರಿ ಇದೆಯಲ್ಲ ಅಂದರು. ಅಲ್ಲೂ ತೆಗೆದಾಗ ಅಂಗಡಿ ಇದೆಯಲ್ಲ ಅನ್ನುತ್ತಿದ್ದಾರೆ. ದುಡ್ಡಿಲ್ಲದ ಮಗು ಎಲ್ಲಿಗೆ ಹೋಗಬೇಕು?

ಆ 17ರಲ್ಲಿ ಇಸಬೆಲ್ ವಿಲ್ಕರ್ಸನ್ ಅವರ 'ಕಾಸ್ಟ್' ಇದೆ. ಅಮೆರಿಕದ ಬಿಳಿ-ಕಪ್ಪು ಭೇದವನ್ನು ನಮ್ಮ ಜಾತಿ ವ್ಯವಸ್ಥೆಯ ಜೊತೆ ಇಟ್ಟು ನೋಡುವ ಪುಸ್ತಕ. ಅಲ್ಲಿ ಬೆಳೆಯುವ ಕನ್ನಡದ ಮಕ್ಕಳ ಕೈಗೆ ಖಂಡಿತ ಸಿಗಬೇಕಾದ್ದು.

ನಮ್ಮಲ್ಲಿ ಹೇಗೆ ಅಂತಲೂ ಹೇಳಿಬಿಡುತ್ತೇನೆ. ಇಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನೇ ಮುಟ್ಟುಗೋಲು ಹಾಕಿಕೊಳ್ಳಬಹುದು. ಡಾ. ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಗೆ 1997ರಲ್ಲಿ ಹಾಗಾಯಿತು. 2007ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ನನಗೆ ಆ ತೀರ್ಪು ಇವತ್ತಿಗೂ ಬೇಸರ ತರಿಸುತ್ತದೆ. ಆದರೂ ಒಂದು ವಿಷಯ ಗಮನಿಸಿ. ಅಷ್ಟು ದೊಡ್ಡ ನಿಷೇಧಕ್ಕೂ ಕಾನೂನಿನಲ್ಲಿ ಒಂದು ದಾರಿ ಇದೆ. ಸರ್ಕಾರ ಅಧಿಸೂಚನೆ ಹೊರಡಿಸಬೇಕು, ಕಾರಣ ಬರೆಯಬೇಕು. ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋದರೆ ಮೂವರು ನ್ಯಾಯಮೂರ್ತಿಗಳ ಪೀಠ ಕೇಳಬೇಕು. ಶಾಲೆಯ ಬೀರುವಿನಿಂದ ಒಂದು ಪುಸ್ತಕ ತೆಗೆಯುವುದಕ್ಕೆ ಇದ್ಯಾವುದೂ ಬೇಡ. ಕಾಗದವಿಲ್ಲ, ಸಹಿಯಿಲ್ಲ. ಯಾರಿಗೆ ಅಪೀಲು ಹೋಗುವುದು?

ಹಾಗೆ ತೆಗೆದವರಲ್ಲಿ ನಾನೂ ಒಬ್ಬಳು. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿಯ ಅಪ್ಪ ಒಂದು ಆತ್ಮಕತೆ ಹಿಡಿದುಕೊಂಡು ಶಾಲೆಗೆ ಬಂದರು. ದಲಿತ ಲೇಖಕರೊಬ್ಬರು ತಮ್ಮ ಬಾಲ್ಯದ ಬಗ್ಗೆ ಬರೆದದ್ದು. "ಇಂಥ ಬೈಗುಳ ಇರೋ ಪುಸ್ತಕ ಹೆಣ್ಣುಮಕ್ಕಳ ಕೈಗೆ ಕೊಡ್ತೀರಾ ಮೇಡಂ?" ಅಂತ ಕೇಳಿದರು. ಆ ಬೈಗುಳ ಲೇಖಕರು ಬೈದದ್ದಲ್ಲ, ಚಿಕ್ಕವರಿದ್ದಾಗ ಊರವರಿಂದ ತಿಂದದ್ದು. ಅದನ್ನು ನಾನು ಹೇಳಬೇಕಿತ್ತು. ಹೆಡ್‌ಮಾಸ್ಟರು "ಸುಮ್ನೆ ಯಾಕೆ ಗಲಾಟೆ, ಒಳಗಿಟ್ಟುಬಿಡಿ" ಅಂದರು. ಇಟ್ಟೆ. ದಾಸ್ತಾನು ಪುಸ್ತಕದಲ್ಲಿ ಅದು ಹಾಗೇ ಇತ್ತು. ಲೆಕ್ಕಕ್ಕೆ ಏನೂ ಕಮ್ಮಿಯಾಗಲಿಲ್ಲ.

ಎರಡು ವಾರ ಬಿಟ್ಟು ಒಬ್ಬ ಹುಡುಗ ಬಂದ. "ಮಿಸ್, ಆ ಪುಸ್ತಕ ವಾಪಸ್ ಬಂತಾ? ಮುಂದಿನ ಸರದಿ ನಂದು" ಅಂದ. ಬೈಂಡಿಂಗ್‌ಗೆ ಹೋಗಿದೆ ಅಂತ ಸುಳ್ಳು ಹೇಳಿದೆ. ಅವನು ಆಮೇಲೂ ಎರಡು ಸಲ ಕೇಳಿದ. ಆ ಪುಸ್ತಕದಲ್ಲಿದ್ದ ಹುಡುಗನ ಮನೆಗೂ ಇವನ ಮನೆಗೂ ಜಾಸ್ತಿ ವ್ಯತ್ಯಾಸ ಇರಲಿಲ್ಲ. ಅವನಿಗೋಸ್ಕರವೇ ಬರೆದಂತಿದ್ದ ಪುಸ್ತಕವನ್ನು ಅವನಿಂದಲೇ ಮುಚ್ಚಿಟ್ಟಿದ್ದೆ.

ಹಾಗಂತ ಎಲ್ಲ ಪುಸ್ತಕವನ್ನೂ ಎಲ್ಲ ಮಕ್ಕಳಿಗೂ ಕೊಡಿ ಅನ್ನುತ್ತಿಲ್ಲ. ಎಂಟನೇ ತರಗತಿಗೆ ಯಾವುದು, ಹತ್ತಕ್ಕೆ ಯಾವುದು ಅಂತ ನಾನೂ ನೋಡಿಯೇ ಕೊಡುತ್ತೇನೆ. ನಿಮ್ಮ ಮಗಳು ಒಂದು ಪುಸ್ತಕ ಈಗಲೇ ಓದುವುದು ಬೇಡ ಅನಿಸಿದರೆ ಅದು ನಿಮ್ಮ ಹಕ್ಕು. ಪಕ್ಕದ ಬೆಂಚಿನ ಮಗುವಿಗೂ ಬೇಡ ಅನ್ನುವ ಹಕ್ಕು ನಿಮಗೆಲ್ಲಿಂದ ಬರಬೇಕು? ಆ ಮಗುವಿಗೂ ಅಪ್ಪ ಅಮ್ಮ ಇದ್ದಾರೆ.

ಈಗ ನನ್ನ ಬೀರುವಿನೊಳಗೆ ಒಂದು ನೂರು ಪುಟದ ನೋಟ್‌ಬುಕ್ ಇದೆ. ಆಕ್ಷೇಪ ಇರುವವರು ಅದರಲ್ಲಿ ಬರೆಯಬೇಕು. ಪುಸ್ತಕ ಪೂರ್ತಿ ಓದಿದ್ದೀರಾ, ಯಾವ ಪುಟ, ಏನು ತೊಂದರೆ ಅಂತ ಮೂರು ಕಾಲಮ್. ನಾನು ಮತ್ತು ಇಬ್ಬರು ಟೀಚರ್ ಓದಿ ಉತ್ತರ ಬರೆಯುತ್ತೇವೆ. ಅಲ್ಲಿಯವರೆಗೆ ಪುಸ್ತಕ ಬೀರುವಿನಲ್ಲೇ ಇರುತ್ತದೆ. ಇದುವರೆಗೆ ಬಾಯಲ್ಲಿ ದೂರಿದವರು ಆರು ಜನ. ಬರೆದವರು ಒಬ್ಬರೇ. ಆ ತಾಯಿ ಹೇಳಿದ್ದು ಸರಿಯಿತ್ತು. ಆ ಪುಸ್ತಕವನ್ನು ಹತ್ತನೇ ತರಗತಿಯವರಿಗೆ ಮಾತ್ರ ಕೊಡುತ್ತಿದ್ದೇವೆ.

ನೀವೂ ಮಗಳ ಶಾಲೆಗೆ ಒಂದು ಇಮೇಲ್ ಬರೆಯಿರಿ. ತೆಗೆದ ಪುಸ್ತಕಗಳ ಪಟ್ಟಿ ಕೇಳಿ. ಯಾರು ಓದಿದರು, ಕಾರಣ ಏನೆಂದು ಬರೆದಿದ್ದಾರೆ ಅಂತ ಕೇಳಿ. ಲೈಬ್ರರಿಯನ್‌ಗೆ ಒಂದು ಒಳ್ಳೆಯ ಮಾತು ಹೇಳಿ, ಇಂಥ ಹೊತ್ತಿನಲ್ಲಿ ಅವರ ಮೇಲೆ ತುಂಬ ಒತ್ತಡ ಇರುತ್ತದೆ. ಪಟ್ಟಿ ಸಿಕ್ಕರೆ ಇಲ್ಲೇ ಕೆಳಗೆ ಹಾಕಿ. ಅದರಲ್ಲಿ ಒಂದೆರಡನ್ನಾದರೂ ತರಿಸಿ ಓದಿ, ನನಗೆ ಏನನಿಸಿತು ಅಂತ ಬರೆಯುತ್ತೇನೆ.