ಪಾರ್ಕ್‌ಗಿಂತ ಮೊದಲು ಒಂದು ಸೂರು ಹಾಕಿಸಿ

ಕುಶಾಲನಗರದ ಹತ್ತಿರ ಇಪ್ಪತ್ತು ಮನೆಗಳ ಬಡಾವಣೆ ಮಾಡುತ್ತಿದ್ದೀರಿ. ಅಕ್ಕಪಕ್ಕದವರು ಬೆರೆಯೋ ಹಾಗೆ ಹೇಗೆ ಕಟ್ಟೋದು, ಒಂದು ಪಾರ್ಕ್ ಇಟ್ಟರೆ ಸಾಕಾ ಅಂತ ಕೇಳಿದ್ದೀರಿ. ನಾನು ಆರ್ಕಿಟೆಕ್ಟ್ ಅಲ್ಲ. ಮಡಿಕೇರಿಯ ಒಂದು ಬಡಾವಣೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ಅಷ್ಟೇ.

ಪಾರ್ಕ್ ನಮ್ಮಲ್ಲೂ ಇದೆ. ನಾಲ್ಕು ಸಿಮೆಂಟ್ ಬೆಂಚು, ಒಂದು ಜಾರುಬಂಡಿ. ಜೂನ್ ಬಂತೆಂದರೆ ಆ ಬೆಂಚುಗಳ ಮೇಲೆ ಪಾಚಿ ಬಿಟ್ಟರೆ ಯಾರೂ ಇರೋದಿಲ್ಲ. ಜನ ಸೇರೋದು ಗೇಟಿನ ಹತ್ತಿರ, ಹಾಲಿನ ಬೂತ್ ಮುಂದೆ. ಅಲ್ಲಿ ಒಂದು ಶೀಟು ಹೊರಚಾಚಿದೆ, ಕೆಳಗೆ ಮೊಣಕಾಲೆತ್ತರದ ಕಟ್ಟೆ. ಬೆಳಿಗ್ಗೆ ಕೊಡೆ ಮಡಚಿ ಗೋಡೆಗೆ ಒರಗಿಸಿ ‘ಐದೇ ನಿಮಿಷ’ ಅಂತ ಕೂತವರು ಅರ್ಧ ಗಂಟೆ ಏಳೋದಿಲ್ಲ. ಕಾಳುಮೆಣಸಿನ ರೇಟು, ಯಾರ ಮನೆ ಸೋರುತ್ತಿದೆ, ಎಲ್ಲಾ ಅಲ್ಲೇ. ತೋಟದ ಕೆಲಸಕ್ಕೆ ಜೀಪು ಕಾಯೋ ಹೆಂಗಸರೂ ಅಲ್ಲೇ ಕೂರುತ್ತಾರೆ. ಒಮ್ಮೆ ‘ಹೊರಗಿನವರು ಜಾಸ್ತಿ ಆದರು’ ಅಂತ ಯಾರೋ ಕಟ್ಟೆಗೆ ಕಂಬಿ ಹಾಕಿಸಿದರು. ಹೊರಗಿನವರ ಜೊತೆ ನಮ್ಮ ಅಜ್ಜಂದಿರೂ ಮಾಯ! ಎರಡೇ ವಾರದಲ್ಲಿ ಕಂಬಿ ಕಿತ್ತರು.

ಕೊಡವರ ಹಳೆಯ ಐನ್‌ಮನೆಗಳನ್ನು, ಅಂದರೆ ಕುಟುಂಬದ ಮೂಲಮನೆಗಳನ್ನು ನೋಡಿ. ಮುಂದಿನ ಕೈಯಾಲೆಯಲ್ಲಿ (ಜಗಲಿಯಲ್ಲಿ) ಕಂಬಗಳ ನಡುವೆ ಕೂರೋಕೆ ಅಗಲದ ಹಲಗೆ, ಐಮರ. ಮನೆಯ ಒಳಗೂ ಅಲ್ಲ, ಹೊರಗೂ ಅಲ್ಲ. ದಾರಿಯಲ್ಲಿ ಹೋಗುವವರೂ ಸುಮ್ನೆ ಬಂದು ಕೂತು ಹೋಗಬಹುದಿತ್ತು. (ಎಲ್ಲರೂ ಅಲ್ಲ. ಕೆಲವರು ಅಂಗಳದಲ್ಲೇ ನಿಲ್ಲಬೇಕಿತ್ತು. ಆ ಲೆಕ್ಕ ಮಾತ್ರ ನಿಮ್ಮ ಬಡಾವಣೆಗೆ ಬೇಡ.)

ಇನ್ನು ರಸ್ತೆ. 1960ರ ದಶಕದ ಕೊನೆಯಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಅನ್ನೋ ನಗರ ವಿನ್ಯಾಸದ ಪ್ರೊಫೆಸರ್ ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳಲ್ಲಿ ಜನರನ್ನು ಮಾತಾಡಿಸಿದರು. ದಿನಕ್ಕೆ 2,000 ವಾಹನ ಓಡಾಡೋ ಬೀದಿಯಲ್ಲಿ ಒಬ್ಬೊಬ್ಬರಿಗೆ ಅದೇ ಬೀದಿಯ ಸರಾಸರಿ 3 ಜನ ಗೆಳೆಯರಿದ್ದರು. 16,000 ವಾಹನದ ಬೀದಿಯಲ್ಲಿ ಒಬ್ಬರೂ ಪೂರ್ತಿ ಇಲ್ಲ, 0.9! ನಿಮ್ಮಲ್ಲಿ ಅಷ್ಟೆಲ್ಲ ವಾಹನ ಬರೋದಿಲ್ಲ, ನಿಜ. ಆದರೆ ಆ ಕಡೆಯಿಂದ ಈ ಕಡೆಗೆ ದಾಟುವ ಅಡ್ಡದಾರಿ ಮಾಡಿಬಿಟ್ಟರೆ ಶನಿವಾರ, ಭಾನುವಾರ ಟೂರಿಸ್ಟ್ ಕಾರುಗಳು ನುಗ್ಗುತ್ತವೆ. ಮಕ್ಕಳ ಆಟ ಅಲ್ಲಿಗೆ ಮುಗೀತು.

ಕಾಂಪೌಂಡ್ ಎದೆಮಟ್ಟಕ್ಕಿಂತ ಮೇಲೆ ಬೇಡ. ಮೆಟ್ಟಿಲ ಪಕ್ಕದಲ್ಲಿ ಇಳಿಜಾರು, ಹಿಡಿಕೆ ಇರಲಿ. ನೆಲಕ್ಕೆ ನುಣುಪು ಟೈಲ್ಸ್ ಹಾಕಿದರೆ ವಯಸ್ಸಾದವರು ಮಳೆಗಾಲವಿಡೀ ಮನೆಯೊಳಗೇ.

ಮತ್ತೆ ಕಟ್ಟೆ ಎಲ್ಲಿ? ಪಾರ್ಕಿನ ಮೂಲೆಯಲ್ಲಲ್ಲ. ಹಾಲು, ಬಸ್ಸು, ಕಸದ ಗಾಡಿ ಅಂತ ಎಲ್ಲರೂ ದಿನಾ ಬರಲೇಬೇಕಾದ ಕಡೆ. ಅದಕ್ಕೆ ಮಾಡು ಬೇಕೇ ಬೇಕು. ಶೀಟು ಬೇಡ, ಹೆಂಚು ಹಾಕಿಸಿ. ಕಕ್ಕಡದ (ಜುಲೈ-ಆಗಸ್ಟಿನ) ಮಳೆ ಶೀಟಿನ ಮೇಲೆ ಬಡಿಯುವಾಗ ನಮ್ಮ ಬೂತಿನಲ್ಲಿ ಪಕ್ಕದವರ ಜೊತೆ ಕಿರುಚಿಯೇ ಮಾತಾಡಬೇಕು.